ಕಚ್ಚುವ ಫ್ರಿಜ್ಜು

ಅಂಗಿಯ ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡು ತಿರುಗುವ ಗಂಡಸರನ್ನು ನಂಬಬೇಡಿ. ಪೆನ್ನು ಸಿಕ್ಕಿಸಿಕೊಂಡವನಾದರೆ ಎಲ್ಲೋ ಒಂದು ಕಡೆ ನಾಲ್ಕು ಸಾಲು ಬರೆಯಬೇಕಾಗಿ ಬಂದು ಸಿಕ್ಕಿಬೀಳುತ್ತಾನೆ. ಟೆಸ್ಟರಿನವನ ಬಂಡವಾಳ ಅಷ್ಟು ಸುಲಭವಾಗಿ ಹೊರಬೀಳುವುದಿಲ್ಲ. ಪಕ್ಕದ ಮನೆಯ ಸ್ವಿಚ್ ಬೋರ್ಡಿಗೆ ಅದನ್ನು ಚುಚ್ಚಿ, ಒಂದು ಕಣ್ಣು ಕಿರಿದು ಮಾಡಿ, "ಹೂಂ" ಅಂದರೆ ಸಾಕು, ಒಂದು ಲೋಟ ಚಹಾ ಬರುತ್ತದೆ. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಮೂವತ್ತು ವರ್ಷ ನಾನು ಇಂಥ ಚಹಾ ಕುಡಿದಿದ್ದೇನೆ. ಓದಿದ್ದು ಮೆಟ್ರಿಕ್. ಮಾಡಿದ್ದು ಕಲ್ವಾದ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಕೆಲಸ. ವಯರಿನ ಸುರುಳಿಗಳನ್ನು ಎಣಿಸಿ ಕೊಟ್ಟಿದ್ದೇನೆಯೇ ಹೊರತು ಅವುಗಳೊಳಗೆ ಏನು ಹರಿಯುತ್ತದೆಂದು ತಿಳಿಯುವ ಗೋಜಿಗೆ ಹೋದವನಲ್ಲ. ಆದರೂ ಯಾರ ಮನೆಯ ಫ್ಯೂಸ್ ಹೋದರೂ ಕರೆ ನನಗೇ ಬರುತ್ತಿತ್ತು. ಮನುಷ್ಯ ಕೆಡುವುದಕ್ಕೆ ಇಷ್ಟು ಗೌರವ ಸಾಕು.

ಗೌರವ ಹೆಚ್ಚಾಗಿ ನನ್ನನ್ನು ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಮಾಡಿದರು. ಆಗ ನಮ್ಮ ನೀರಿನ ಪೈಪುಗಳು ತುಕ್ಕು ಹಿಡಿದು, ನಲ್ಲಿ ತಿರುಗಿಸಿದರೆ ಚಹಾದ ಬಣ್ಣದ ನೀರು ಬರುತ್ತಿತ್ತು. ಕಬ್ಬಿಣದ ಪೈಪುಗಳನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಪೈಪು ಹಾಕಿಸುವುದು ನನ್ನ ಕನಸು. ಜನ್ಮದಲ್ಲಿ ನಾನು ಕಂಡ ದೊಡ್ಡ ಕನಸು ಅದೊಂದೇ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಕೆಲಸ ಶುರುವಾಗುವ ಮೊದಲು ಮಲ್ಲಪ್ಪ ಬಂದ. ಅವನು ವಿಜಯಪುರದ ಕಡೆಯವನು, ಮುಂಬ್ರಾದಲ್ಲಿ ಮನೆ, ನಿಜವಾದ ವಯರ್‌ಮನ್. ನನ್ನ ಕೈಚಳಕದ ನಂತರ ಎಲ್ಲರೂ ಗುಟ್ಟಾಗಿ ಅವನನ್ನು ಕರೆಸಿ ಸರಿಮಾಡಿಸಿಕೊಳ್ಳುತ್ತಿದ್ದರೆಂಬುದು ನನಗೆ ಗೊತ್ತಿದ್ದುದರಿಂದ ಅವನನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ.

"ಸಾಹೇಬ್ರ, ಈ ಬಿಲ್ಡಿಂಗಿನ ಅರ್ಥಿಂಗ್ ಎಲ್ಲಾ ನೀರಿನ ಪೈಪಿಗೇ ಕಟ್ಟ್ಯಾರ. ಕಬ್ಬಿಣ ತಗದು ಪ್ಲಾಸ್ಟಿಕ್ ಹಾಕಿದ್ರ ಸೋರಿದ ಕರೆಂಟು ನೆಲಕ್ಕ ಹ್ಯಾಂಗ ಇಳೀಬೇಕ್ರಿ? ಮೊದಲ ಹಿಂದ ಒಂದು ಕುಣಿ ತೋಡಿಸಿ ಬ್ಯಾರೆ ಅರ್ಥಿಂಗ್ ಮಾಡಸ್ರಿ."

"ಮಲ್ಲಪ್ಪಾ, ನಾವು ರಿಪೇರಿ ಮಾಡಿಸುವುದು ನೀರಿನದ್ದು, ಲೈಟಿನದ್ದಲ್ಲ" ಎಂದೆ. ಸುತ್ತ ನಿಂತವರು ನಕ್ಕರು. ಆ ನಗೆ ನನಗೆ ಬಹಳ ಹಿತವಾಯಿತು.

ಪೈಪು ಬಂತು. ನೀರು ತಿಳಿಯಾಯಿತು. ತಿಂಗಳೊಳಗೆ ನನ್ನ ಹೆಂಡತಿ ವಾರಿಜ ಅಡುಗೆಮನೆಯಿಂದ ಕೂಗಿದಳು: "ಮಾರಾಯ್ರೆ, ಈ ಫ್ರಿಜ್ಜು ಕಚ್ತದೆ."

"ಫ್ರಿಜ್ಜಿಗೆ ಹಲ್ಲು ಬಂತಾ?"

"ತಮಾಷೆ ಅಲ್ಲ. ಕೈ ಒದ್ದೆ ಇದ್ದರೆ ಮೊಣಕೈವರೆಗೆ ಜುಂ ಅಂತದೆ. ಒಮ್ಮೆ ನೋಡಿ."

ನೋಡಿದೆ. ನಾನು ಈ ಕಾಗದದ ಮುಂದೆ ಕೂತಿರುವುದೇ ಆ ನೋಟಕ್ಕಾಗಿ. ಟೆಸ್ಟರನ್ನು ಫ್ರಿಜ್ಜಿನ ಹಿಡಿಗೆ ತಾಗಿಸಿದಾಗ ಅದರೊಳಗಿನ ಪುಟ್ಟ ದೀಪ ಹೊತ್ತಿತು. ಮಂದವಾಗಿ, ಆದರೆ ಹೊತ್ತಿತು. ನನಗೆ ತಕ್ಷಣ ನೆನಪಾದದ್ದು ಹೆಂಡತಿಯ ಮೊಣಕೈಯಲ್ಲ. ಮಲ್ಲಪ್ಪನ ಮುಖ, ಆಮೇಲೆ ಸೊಸೈಟಿಯ ಮೀಟಿಂಗು. ಟೆಸ್ಟರನ್ನು ಜೇಬಿಗೆ ಹಾಕಿಕೊಂಡು, "ಏನೂ ಇಲ್ಲ. ನಿನ್ನದು ವಾಯು. ರಾತ್ರಿ ಕಡಲೆ ತಿನ್ನಬೇಡ ಅಂದರೆ ಕೇಳುವುದಿಲ್ಲ" ಎಂದೆ.

ಅವಳು ಟೆಸ್ಟರ್ ಇಳಿದ ಜೇಬನ್ನು ನೋಡಿ, ಆಮೇಲೆ ನನ್ನ ಮುಖವನ್ನು ನೋಡಿದಳು. "ಹಾಗಾದರೆ ಅಡುಗೆಮನೆಯಲ್ಲಿ ರಬ್ಬರ್ ಚಪ್ಪಲಿ ಹಾಕಿಕೊಳ್ಳಲಾ?" ಎಂದಳು. ನಮ್ಮ ಒಂದು ಕೋಣೆಯ ಸಂಸಾರದಲ್ಲಿ ದೇವರ ಮಂಟಪ ಇದ್ದದ್ದು ಅಡುಗೆಮನೆಯಲ್ಲೇ, ಫ್ರಿಜ್ಜಿನ ಎದುರಿಗೇ. "ದೇವರ ಮುಂದೆ ಚಪ್ಪಲಿಯಾ? ಊರಲ್ಲಿ ನಿನ್ನ ಅಪ್ಪನ ಮನೆಯಲ್ಲಿ ಹಾಗಿತ್ತಾ?" ಎಂದು ಗದರಿದೆ. ಸುಳ್ಳು ಹೇಳಿದ ಐದೇ ನಿಮಿಷದಲ್ಲಿ ನನಗೆ ದೇವರ ಮೇಲೆ ಅಷ್ಟೊಂದು ಭಕ್ತಿ ಹುಟ್ಟಿತ್ತು.

ಅನಂತರ ವಾರಿಜ ಕಚ್ಚುವ ಮಾತು ಎತ್ತಲಿಲ್ಲ. ಫ್ರಿಜ್ಜಿನ ಹಿಡಿಗೆ ಹಳೆಯ ಟವೆಲಿನ ದಪ್ಪ ತುಂಡೊಂದನ್ನು ಸುತ್ತಿ ಹೊಲಿದಳು. ಮುಂದೆ ನೆಲದ ಮೇಲೆ ಊಟದ ಮಣೆಯೊಂದನ್ನು ಖಾಯಂ ಆಗಿ ಇಟ್ಟಳು. ಮಣೆ ಹತ್ತಿ ನಿಂತು, ಸೆರಗಿಗೆ ಕೈ ಒರೆಸಿಕೊಂಡು, ಆಮೇಲೆ ಬಾಗಿಲು ತೆಗೆಯುವಳು. ನಾನು ಬಂದವರಿಗೆಲ್ಲ ಅದನ್ನು ತೋರಿಸಿ ಹೆಮ್ಮೆಪಡುತ್ತಿದ್ದೆ: "ನೋಡಿ, ಉಡುಪಿ ಕಡೆಯ ಹೆಂಗಸರ ಶುದ್ಧ ಅಂದರೆ ಹೀಗೆ. ಹಿಡಿಗೆ ಕೂಡ ಕೊಳೆ ತಾಗಬಾರದು." ಮಣೆಯ ಬಗ್ಗೆ, "ನಮ್ಮವಳು ಮೊಸರು ತೆಗೆಯುವುದಕ್ಕೂ ಮದುಮಗಳ ಹಾಗೆ ಮಣೆ ಏರುತ್ತಾಳೆ" ಎಂದರೆ ಬಂದವರು ನಗುತ್ತಿದ್ದರು. ವಾರಿಜಳೂ ನಗುತ್ತಿದ್ದಳು. ಆ ನಗೆಯನ್ನು ಈಗ ಮತ್ತೆ ಮತ್ತೆ ಜ್ಞಾಪಿಸಿಕೊಂಡು, ಅದರಲ್ಲಿ ಏನಿತ್ತು ಎಂದು ಹುಡುಕುತ್ತಿದ್ದೇನೆ. ಒಂಬತ್ತು ವರ್ಷ ಅವಳು ಹಾಗೆ ಮಣೆ ಹತ್ತಿ ಇಳಿದಳು. ಅಷ್ಟೂ ವರ್ಷ ನಾನು ಒಮ್ಮೆಯೂ ಆ ಬಾಗಿಲು ತೆಗೆಯಲಿಲ್ಲ. ಕೂತಲ್ಲಿಗೆ ಮಜ್ಜಿಗೆ ಬರುತ್ತಿರುವಾಗ ಫ್ರಿಜ್ಜು ಯಾವ ಕಡೆಗೆ ತೆರೆದುಕೊಳ್ಳುತ್ತದೆಂದು ತಿಳಿಯುವ ಅಗತ್ಯ ಗಂಡಸಿಗೆ ಬರುವುದಿಲ್ಲ.

ವಾರಿಜ ಹೋದದ್ದು ಕರೆಂಟಿನಿಂದಲ್ಲ, ಹೃದಯದ ಕಾಯಿಲೆಯಿಂದ, ಆಸ್ಪತ್ರೆಯಲ್ಲಿ. ಇದನ್ನು ಸ್ಪಷ್ಟವಾಗಿ ಬರೆಯುವಾಗ ನನಗೆ ಒಂದು ಬಗೆಯ ಸಮಾಧಾನವಾಗುತ್ತದೆ. ಆ ಸಮಾಧಾನಕ್ಕೂ ನಾಚಿಕೆಯಾಗುತ್ತದೆ. ಹದಿಮೂರನೆಯ ದಿನದ ಕೆಲಸ ಮುಗಿದ ಮೇಲೆ ನೆರೂಲಿನಿಂದ ಬಂದಿದ್ದ ಮಗಳು ಮನೆಯನ್ನೆಲ್ಲ ತೊಳೆದು, ಹಿಡಿಯ ಬಟ್ಟೆಯನ್ನು ಬಿಚ್ಚಿ ಒಗೆಯಲು ಹಾಕಿ, ಮಣೆಯನ್ನು ಅಟ್ಟಕ್ಕೆ ಸೇರಿಸಿ ಹೋದಳು. ಮರುದಿನ ಮಧ್ಯಾಹ್ನ ಕೈ ತೊಳೆದುಕೊಂಡು, ಬರಿಗಾಲಿನಲ್ಲಿ, ಮಜ್ಜಿಗೆಗೆಂದು ಹೋಗಿ ಹಿಡಿ ಹಿಡಿದೆ.

ಕಚ್ಚಿತು. ಮೊಣಕೈವರೆಗೆ, ಅವಳು ಹೇಳಿದ ಲೆಕ್ಕಕ್ಕೆ ಸರಿಯಾಗಿ. ನಾನು ಎರಡು ಹೆಜ್ಜೆ ಹಿಂದಕ್ಕೆ ಹಾರಿ, "ವಾರಿಜಾ, ಈ ಫ್ರಿಜ್ಜು—" ಎಂದು ಕೂಗಿದೆ. ದೂರು ಕೇಳುವವರು ಇಲ್ಲದ ಮನೆಯಲ್ಲಿ ದೂರು ಹೇಳುವುದು ಹೇಗಿರುತ್ತದೆಂದು ಆಗ ಗೊತ್ತಾಯಿತು. ಅವಳಿಗೆ ಅದು ಒಂಬತ್ತು ವರ್ಷ ಮೊದಲೇ ಗೊತ್ತಾಗಿತ್ತು, ಕೇಳುವವನು ಎದುರಿಗೆ ಕೂತಿದ್ದಾಗಲೇ.

ಮಲ್ಲಪ್ಪನನ್ನು ಕರೆಸಿದೆ. ಅವನ ತಲೆಯೂ ನೆರೆತಿತ್ತು. ಬೋರ್ಡು ಬಿಚ್ಚಿ, ವಯರುಗಳನ್ನು ಎಳೆದು ನೋಡಿದ. "ಆವತ್ತೇ ಹೇಳಿದ್ದೆ" ಎಂದು ಅವನು ಅಂದಿದ್ದರೆ ಚೆನ್ನಾಗಿತ್ತು. ಅನ್ನಲಿಲ್ಲ. ನಾನೇ, "ನನ್ನ ಹೆಂಡತಿಗೆ ಏನೂ ಇಲ್ಲ ಅಂತ ಹೇಳಿಬಿಟ್ಟಿದ್ದೆ ಮಲ್ಲಪ್ಪ. ಪಾಪ, ನಂಬಿದಳು" ಎಂದೆ.

ಮಲ್ಲಪ್ಪ ತಲೆ ಎತ್ತಿದ. "ಅಕ್ಕಾರು ನಂಬಿರಲಿಲ್ರಿ. ಅವತ್ತು ನಾ ಕೆಳಗಿನ ಮನಿ ಕೆಲಸಕ್ಕ ಬಂದಿದ್ದೆ, ಅವತ್ತೇ ಕೆಳಗ ಬಂದು ನನ್ನ ಕೇಳಿದ್ರು. ದೀಪ ಹತ್ತಿದ್ದು ನಾ ನೋಡೀನಿ ಮಲ್ಲಪ್ಪ, ಏನು ಮಾಡಲಿ ಅಂದ್ರು. ಅರ್ಥಿಂಗ್ ಮಾಡಸ್ರಿ ಅಂದೆ. ಬ್ಯಾಡ, ಈಗ ಕುಣಿ ತೋಡಿಸಿದ್ರ ಮೀಟಿಂಗಿನಾಗ ಎಲ್ಲಾರೂ ನಮ್ಮವರನ್ನ ನೋಡಿ ನಗತಾರ, ಅವರಿಗೆ ತಡಕೊಳ್ಳಾಕ ಆಗೂದಿಲ್ಲ, ಬ್ಯಾರೆ ದಾರಿ ಹೇಳು ಅಂದ್ರು. ಹಂಗಾರ ಹಿಡಿಗೆ ಒಣಾ ಬಟ್ಟಿ ಸುತ್ರಿ, ಕಟಗಿ ಮ್ಯಾಲ ನಿಂದರ್ರಿ ಅಂದೆ. ಅದು ಖರೇ ದಾರಿ ಅಲ್ರೀ ಅಂತನೂ ಹೇಳೀನಿ."

ನಾನು ಅಡುಗೆಮನೆಯ ನೆಲದ ಮೇಲೆ ಕೂತೆ. ಮಲ್ಲಪ್ಪ ಒಂದು ಲೋಟ ನೀರು ತಂದು ಕೊಟ್ಟ.

ಕಳೆದ ಸೊಸೈಟಿ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಪೈಪು, ಮಲ್ಲಪ್ಪನ ಎಚ್ಚರಿಕೆ, ಹೊತ್ತಿದ ದೀಪ, ನಾನು ಹೇಳಿದ ಸುಳ್ಳು. ಗಂಡಸರು "ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲವಲ್ಲ" ಎಂದರು. ಹಿಂದಿನ ಸಾಲಿನಿಂದ ಮೂರನೇ ಮಾಳಿಗೆಯ ಪದ್ಮಕ್ಕ, "ನಮ್ಮಲ್ಲಿ ಕಚ್ಚುದು ಗೀಸರ್, ಭಾವ. ಬಾಲ್ದಿ ತುಂಬಿಸಿ, ಸ್ವಿಚ್ ಆಫ್ ಮಾಡಿದ ಮೇಲೆಯೇ ನೀರು ಮುಟ್ಟುದು. ವಾರಿಜಕ್ಕನೇ ಹೇಳಿಕೊಟ್ಟದ್ದು" ಎಂದರು. ಅವರ ಯಜಮಾನರು ತಿರುಗಿ, "ನನಗೆ ಹೇಳಲೇ ಇಲ್ಲ?" ಎಂದು ಕೇಳಿದರು. "ಹೇಳಿದ್ದೆ. ನಿಮಗೆ ಫಾಸ್ಟ್ ಲೋಕಲ್ ರೈಲು ತಪ್ಪುವುದರಲ್ಲಿತ್ತು." ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಬಾಯಿಬಿಟ್ಟರು. ಒಬ್ಬರ ವಾಷಿಂಗ್ ಮೆಷಿನ್ ಮುಂದೆ ಕಾರಿನ ಹಳೆಯ ರಬ್ಬರ್ ಹಾಸು, ಇನ್ನೊಬ್ಬರ ಮಿಕ್ಸರಿನ ಕೆಳಗೆ ಹಲಗೆ. ಇಡೀ ಬಿಲ್ಡಿಂಗು ನನ್ನ ಮಾನವನ್ನು ಬಟ್ಟೆ ಸುತ್ತಿ, ಮರದ ಮೇಲೆ ನಿಲ್ಲಿಸಿ ಕಾಪಾಡಿತ್ತು.

ಹಿಂಭಾಗದಲ್ಲಿ ಕುಣಿ ತೋಡಿಸಿ ಹೊಸ ಅರ್ಥಿಂಗ್ ಮಾಡಿಸುವುದು, ಪ್ರತಿ ಮನೆಗೂ ಅದರ ಹಸಿರು ವಯರು ಎಳೆಸುವುದು, ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ ಕೂರಿಸುವುದು, ಎಲ್ಲವೂ ಮಂಜೂರಾಯಿತು. ಹೊಸ ಸೆಕ್ರೆಟರಿ, ಮರಾಠಿ ಯುವಕ, ಎದ್ದು ಠರಾವು ಓದಿದ: "ಹಿರಿಯ ಸದಸ್ಯರು ದೂರದೃಷ್ಟಿಯಿಂದ ವಿದ್ಯುತ್ ಸುರಕ್ಷತೆಯ ಪ್ರಶ್ನೆಯನ್ನು ಎತ್ತಿದ್ದಕ್ಕಾಗಿ ಸಭೆಯು ಅವರಿಗೆ ಆಭಾರಿಯಾಗಿದೆ."

"ಹಾಗಲ್ಲಪ್ಪ, ನಾನು ಸುಳ್ಳು ಹೇಳಿದೆ ಎಂದು ಬರೆ" ಎಂದೆ.

"ಕಾಕಾ, ಜಾನೇ ದೋ, ಬಿಟ್ಟುಬಿಡಿ. ಇದು ಸರಕಾರಿ ಆಫೀಸಿಗೆ ಹೋಗುವ ಪುಸ್ತಕ. ಇದರಲ್ಲಿ ಅಂಥದ್ದೆಲ್ಲ ಬರೆಯುವ ಹಾಗಿಲ್ಲ" ಎಂದು ಅವನು ಪ್ರೀತಿಯಿಂದಲೇ ಹೇಳಿ ಪುಸ್ತಕ ಮುಚ್ಚಿದ.

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬರೆದು ಮುಗಿಸುವ ಮೊದಲು ಇನ್ನೊಂದನ್ನೂ ಹೇಳಿಬಿಡಬೇಕು. ಪುಸ್ತಕ ಮುಚ್ಚಿದ ಮೇಲೆ ಸಭೆಯವರು ಚಪ್ಪಾಳೆ ತಟ್ಟಿದರು. ನಾನು ಬೇಡವೆಂದು ಕೈ ಅಲ್ಲಾಡಿಸಬೇಕೆಂದೇ ಎದ್ದೆ. ಆದರೆ ಎರಡೂ ಕೈ ತಾವಾಗಿಯೇ ಜೋಡಿಕೊಂಡವು, ತಲೆ ಬಾಗಿತು. ಮುಖದಲ್ಲಿ ಸಣ್ಣ ನಗೆಯೂ ಇತ್ತೆಂದು ಪದ್ಮಕ್ಕ ಆಮೇಲೆ ಹೇಳಿದರು.