ತಕ್ಷಣದ ಕಾರಣ, ಮೂಲ ಕಾರಣ

ನನಗೆ ಇಸವಿಗಳು ನೆನಪಿರುವುದಿಲ್ಲ. ತಲೆ ನೆರೆಯುವವರೆಗೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವನ ಬಾಯಿಂದ ಇಂಥ ಮಾತು ಬರಬಾರದು, ಗೊತ್ತು. ಬಂದಿದೆ, ಏನೀಗ? ಯಾವ ರಾಜ ಯಾವ ವರ್ಷ ಪಟ್ಟಕ್ಕೇರಿದ ಎಂದು ಯಾರಾದರೂ ಕೇಳಿದರೆ ನಾಚಿಕೆಯಿಲ್ಲದೆ ಪುಸ್ತಕ ತೆರೆದು ಹೇಳುತ್ತೇನೆ. ಪುಸ್ತಕ ಅಚ್ಚು ಹಾಕಿಸಿರುವುದೇ ಅದಕ್ಕಲ್ಲವೇ? ನನ್ನ ಮದುವೆಯ ತಾರೀಖನ್ನೂ ಹೆಂಡತಿಯೇ ನೆನಪಿಸಬೇಕು. ಅವಳೋ ಆ ದಿನ ಪೂರ್ತಿ ಮುಗಿಯುವವರೆಗೆ ಬೇಕೆಂದೇ ಸುಮ್ಮನಿದ್ದು, ಮರುದಿನ ನೆನಪಿಸುತ್ತಾಳೆ. ತಾರೀಖು ಮರೆತರೇನಾಯಿತು, ಆ ಮದುವೆ ಏಕೆ ಆಯಿತು, ಅದರ ಪರಿಣಾಮಗಳೇನು ಎಂಬುದನ್ನು ನಾನು ನಿದ್ದೆಗಣ್ಣಿನಲ್ಲೂ ವಿವರಿಸಬಲ್ಲೆ. ಸಮಾಜ ವಿಜ್ಞಾನವೆಂದರೆ ಇಷ್ಟೇ ಎಂಬುದು ನನ್ನ ವಾದ. ಏಕೆ ಆಯಿತು, ಆದ ಮೇಲೆ ಏನಾಯಿತು. ಇದು ತಿಳಿದರೆ ಉಳಿದದ್ದು ತಾನಾಗಿ ಬರುತ್ತದೆ.

ನಮ್ಮ ಹೆಡ್ ಮಾಸ್ತರ್ ಬಿರಾದಾರರಿಗೆ ಈ ವಾದ ಸೇರುವುದಿಲ್ಲ. ವಯಸ್ಸಿನಲ್ಲಿ ನನಗಿಂತ ಸಣ್ಣವರು, ಬಡ್ತಿಯ ಮೇಲೆ ಮುದ್ದೇಬಿಹಾಳ ಕಡೆಯಿಂದ ಸಿಂದಗಿ ತಾಲ್ಲೂಕಿನ ನಮ್ಮ ಶಾಲೆಗೆ ಬಂದವರು. ಮನುಷ್ಯ ಒಳ್ಳೆಯವರೇ, ಇಲ್ಲವೆನ್ನಲಾರೆ. ಆದರೆ ಹತ್ತನೆಯ ತರಗತಿಯ ಫಲಿತಾಂಶವೆಂದರೆ ಅವರಿಗೆ ಊಟ ಸೇರುವುದಿಲ್ಲ. ಬಂದ ವಾರದಲ್ಲೇ ನಮಗೆಲ್ಲ ‘ಪಾಸಿಂಗ್ ಪ್ಯಾಕೇಜ್’ ಹಂಚಿದರು. ಆಯ್ದ ಕೆಲವು ಪ್ರಶ್ನೆ, ಅವಕ್ಕೆ ಸಿದ್ಧ ಉತ್ತರ. ಮಕ್ಕಳು ಅದನ್ನು ಒದರಿ ಒದರಿ ಬಾಯಿಪಾಠ ಮಾಡಬೇಕು, ಪಾಸಾಗಬೇಕು. ನಾನು ಅದನ್ನು ಮಡಚಿ ಕಿಸೆಗಿಟ್ಟುಕೊಂಡೆ.

“ಸರ, ನಿಮ್ಮ ಪರಿಕಲ್ಪನೆ ಎಲ್ಲಾ ಛಲೋ ಅದಾವ್ರಿ. ಪರೀಕ್ಷಾ ಮುಗಿದ ಮ್ಯಾಲ ಕಲಸ್ರೆಲಾ,” ಎಂದರು ಬಿರಾದಾರರು.

“ಉಂಡು ಕೈ ತೊಳಕೊಂಡ ಮ್ಯಾಲ ರೊಟ್ಟಿ ಬಡಿದಂಗಾತಲ್ರಿ,” ಎಂದೆ. ಅವರು ನಗಲಿಲ್ಲ. ಅಲ್ಲಿಂದ ನಮ್ಮಿಬ್ಬರ ನಡುವೆ ನಮಸ್ಕಾರ ಮಾತ್ರ ಉಳಿಯಿತು.

ನಾಗರ ಪಂಚಮಿ ಹಬ್ಬ ಮುಗಿದ ಮೇಲೆ ಹತ್ತನೆಯ ತರಗತಿಯಲ್ಲಿ ಹದಿನೆಂಟುನೂರ ಐವತ್ತೇಳರ ದಂಗೆಯ ಪಾಠ ಬಂತು. (ನೋಡಿ, ಈ ಒಂದು ಇಸವಿ ನನಗೆ ಬರುತ್ತದೆ.) ತೋಟಾಕ್ಕೆ ಸವರಿದ ಕೊಬ್ಬು ತಕ್ಷಣದ ಕಾರಣ; ಕಸಿದುಕೊಂಡ ರಾಜ್ಯಗಳು, ಹೇರಿದ ಕಂದಾಯ, ಸಿಪಾಯಿಗಳಿಗೆ ಆದ ಅವಮಾನ, ಇವೆಲ್ಲ ಮೂಲ ಕಾರಣ. ಪುಸ್ತಕದಲ್ಲಿ ಇದು ಸೊಗಸಾಗಿಯೇ ಇದೆ, ಮಕ್ಕಳ ತಲೆಗೆ ಮಾತ್ರ ಹೋಗುವುದಿಲ್ಲ. ಅವರು ಎರಡನ್ನೂ ಕಲಸಿ ಅನ್ನ ಸಾರು ಮಾಡಿಬಿಡುತ್ತಾರೆ. ಆಗ ನನಗೊಂದು ಬುದ್ಧಿ ಹೊಳೆಯಿತು. “ಮನ್ಯಾಗ, ಓಣ್ಯಾಗ ಆಗೂ ಒಂದು ಜಗಳಾ ನೋಡ್ಕೊಂಡು ಬರ್ರಿ. ಬರಿಯೂದು ಬ್ಯಾಡ. ತಕ್ಷಣದ ಕಾರಣ ಯಾವುದು, ಮೂಲ ಕಾರಣ ಯಾವುದು, ಬಂದು ಹೇಳ್ರಿ,” ಎಂದೆ. ಆ ಹೊತ್ತಿಗೆ ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡಿದ್ದೆ.

ಎಂದೂ ಹೋಂವರ್ಕ್ ಮಾಡದವರು ಕೂಡ ಮರುದಿನ ಕೈ ಎತ್ತಿ ನಿಂತರು. ಒಬ್ಬನ ಮನೆಯಲ್ಲಿ ಚಿಕ್ಕಪ್ಪ ದಾರಿಗೆ ಅಡ್ಡ ಎಮ್ಮೆ ಕಟ್ಟಿದ್ದು ತಕ್ಷಣದ ಕಾರಣ, ಅಜ್ಜ ಹೊಲ ಹಂಚುವಾಗ ಬಾವಿಯನ್ನು ಚಿಕ್ಕಪ್ಪನ ಪಾಲಿಗೆ ಬಿಟ್ಟದ್ದು ಮೂಲ ಕಾರಣ. ಎಷ್ಟು ಸ್ಪಷ್ಟ ನೋಡಿ! ನಾನು ಹಿಗ್ಗಿ ಹೀರೇಕಾಯಿಯಾಗಿದ್ದಾಗಲೇ ಮುಂದಿನ ಬೆಂಚಿನ ಭಾಗ್ಯಶ್ರೀ ಎದ್ದಳು.

“ನಮ್ಮ ಮನ್ಯಾಗ ನಿನ್ನೆ ಜಗಳಾತ್ರಿ ಸರ. ಪಲ್ಯಾಕ ಉಪ್ಪು ಹೆಚ್ಚಾತಂತ ಅಪ್ಪ ತಾಟು ಸರಸಿದಾ. ಇದು ತಕ್ಷಣದ ಕಾರಣರಿ. ಮೂಲ ಕಾರಣ ಬ್ಯಾರೆ ಐತ್ರಿ. ಪಂಚಮಿಗೆ ಅವ್ವನ್ನ ತವರಿಗೆ ಕರಿಯಾಕ ನಮ್ಮ ಸೋದರಮಾವ ಹಲಸಂಗಿಯಿಂದ ಬಂದಿದ್ದಾ. ಹೊಲದಾಗ ಕಸಾ ತಗಿಯೂದೈತಿ ಅಂತ ಅಪ್ಪ ಕಳಸಲಿಲ್ಲ. ಅವತ್ತಿನಿಂದ ನಮ್ಮ ಮನ್ಯಾಗ ಉಪ್ಪು ಒಮ್ಮಿ ಹೆಚ್ಚು, ಒಮ್ಮಿ ಕಡಿಮಿ.”

“ಇದನ್ನ ದಂಗೆ ಅನಬಹುದೇನವಾ?”

“ಇಲ್ರಿ ಸರ. ಇನ್ನಾ ಬರೇ ಅಸಮಾಧಾನರಿ.”

ನನಗೆ ಆನಂದದಿಂದ ಕಣ್ಣು ತುಂಬಿದವು. ಸುಳ್ಳು ಹೇಳುತ್ತಿಲ್ಲ. ದಂಗೆಗೂ ಅಸಮಾಧಾನಕ್ಕೂ ಇರುವ ಅಂತರವನ್ನು ಯಾವ ಪ್ಯಾಕೇಜ್ ಕಲಿಸೀತು?

ಆದರೆ ತರಗತಿಯ ಮಾತು ಶಾಲೆಯ ಗೇಟು ದಾಟದೆ ಇರುತ್ತದೆಯೇ? ಸಂಜೆಯೊಳಗೆ ಊರೆಲ್ಲ ಹರಡಿತು. ಬೆಳಿಗ್ಗೆ ಭಾಗ್ಯಶ್ರೀಯ ಅಪ್ಪ ಶರಣಪ್ಪ ಹೆಡ್ ಮಾಸ್ತರರ ಕೋಣೆಯಲ್ಲಿ ಕೆಂಪಗೆ ಕುಳಿತಿದ್ದ. ನನಗೂ ಕರೆ ಬಂತು.

“ಇತಿಹಾಸ ಕಲಸ್ರಿ ಅಂತ ಮಗಳನ್ನ ಸಾಲಿಗೆ ಕಳಿಸಿದ್ರ ನಮ್ಮ ಮನಿ ಇತಿಹಾಸ ತಗದೀರಲ್ರಿ ಸರ? ಚಾದಂಗಡ್ಯಾಗ ಕುಂತ್ರ ‘ಶರಣಪ್ಪಾ, ಇವತ್ತ ಉಪ್ಪು ಬರೋಬ್ಬರಿ ಇತ್ತೇನಪಾ’ ಅಂತ ಕೇಳಾಕತ್ತಾರ ಮಂದಿ,” ಎಂದ. ನನಗೆ ನಗು ಬಂತು, ನುಂಗಿದೆ.

ಬಿರಾದಾರರು ಮಾತ್ರ ತಮ್ಮ ಸಿಟ್ಟು ನುಂಗಲಿಲ್ಲ. “ಸಾಕ್ರಿ ಸರ. ನಾಳಿಯಿಂದ ಹತ್ತನೇತ್ತ ಬಿಡ್ರಿ, ಎಂಟನೇತ್ತ ತಗೋರಿ. ಪ್ಯಾಕೇಜ್ ಮಾಡಸಾಕ ಬ್ಯಾರೆಯವರನ್ನ ಹಾಕ್ತೇನಿ,” ಎಂದರು.

ಆ ಮಕ್ಕಳನ್ನು ಎಂಟನೆಯದರಿಂದ ನಾನೇ ಕೈ ಹಿಡಿದು ತಂದಿದ್ದೆ. ‘ಯಾಕ’ ಎಂದು ಕೇಳಲು ಈಗಷ್ಟೇ ಅವರಿಗೆ ಬಾಯಿ ಬಂದಿತ್ತು. ಆ ಬಾಯಿಗೆ ಪ್ಯಾಕೇಜ್ ತುರುಕಲು ನಾನು ಬಿಟ್ಟುಕೊಡಬೇಕೇ? “ಬಿಡೂದಿಲ್ರಿ,” ಎಂದೆ. “ಆ ಹುಡುಗೀನ ಕರಸ್ರಿ. ಐವತ್ತೇಳರ ದಂಗೆ ಬಗ್ಗೆ ಏನರ ಕೇಳ್ರಿ. ತಡವರಿಸಿದ್ಲಂದ್ರ ಎಂಟನೇತ್ತ ಯಾಕ, ಗಂಟಿ ಬಾರಸೂ ಕೆಲಸಾ ಕೊಟ್ರೂ ಮಾಡ್ತೇನಿ.”

ಭಾಗ್ಯಶ್ರೀ ಬಂದಳು. ಅಪ್ಪನನ್ನು ನೋಡಿ ಸ್ವಲ್ಪ ಮುದುಡಿದಳು, ಆದರೆ ಬಿರಾದಾರರು ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಳು. ಕೊಬ್ಬು ಇರದಿದ್ದರೂ ಮತ್ತಾವುದೋ ನೆಪದಿಂದ ದಂಗೆ ಏಳುತ್ತಿತ್ತು ಎಂದು ತನ್ನದೊಂದು ಮಾತನ್ನೂ ಸೇರಿಸಿದಳು. ನಾನು ಮೀಸೆ ತಿರುವಿದೆ.

“ಬಾಯಿಪಾಠ ಇರಬೇಕು,” ಎಂದರು ಬಿರಾದಾರರು.

“ಪುಸ್ತಕದಾಗ ಇಲ್ಲದ್ದು ಕೇಳ್ರೆಲಾ ಮತ್ತ,” ಎಂದೆ.

ಅವರು ಕುರ್ಚಿಗೆ ಒರಗಿ ಕೇಳಿದರು, “ಹಂಗಾರ ನಾನೂ ನಿಮ್ಮ ಸರೂ ಈಗ ಜಗಳಾಡಾಕತ್ತೀವಲ್ಲ, ಇದಕ್ಕ ಕಾರಣ ಹೇಳವಾ.”

ಹುಡುಗಿ ನನ್ನ ಮುಖ ನೋಡಿದಳು. ನಾನು ದೊಡ್ಡ ಮನಸ್ಸು ಮಾಡಿ, “ಹೇಳವಾ, ಅಂಜಬ್ಯಾಡ. ಇದ್ದದ್ದು ಇದ್ದಂಗ ಹೇಳು,” ಎಂದೆ.

“ತಕ್ಷಣದ ಕಾರಣ ನಮ್ಮ ಮನಿ ಉಪ್ಪುರಿ,” ಎಂದಳು. “ಮೂಲ ಕಾರಣ ಅಂದ್ರ, ತಮಗಿಂತ ಸಣ್ಣವರು ಬಂದು ಹಿಂಗ ಮಾಡ್ರಿ ಅಂದ್ರ ನಮ್ಮ ಸರಿಗೆ ಸೇರೂದಿಲ್ರಿ. ಆ ಪ್ಯಾಕೇಜ್ ಸರು ಓದೇ ಇಲ್ರಿ. ನಮ್ಮಕ್ಕಗ ಬ್ಯಾರೆ ಸಾಲ್ಯಾಗ ಅದನ್ನಽ ಕೊಟ್ಟಿದ್ರು. ದಂಗೆಯ ಮೂಲ ಕಾರಣಗಳನ್ನು ವಿವರಿಸಿ ಅಂತ ಅದರಾಗೂ ಒಂದು ಪ್ರಶ್ನಿ ಐತ್ರಿ.”

ಮೊದಲು ನಕ್ಕವನು ಶರಣಪ್ಪ. ಬಂದಾಗ ಹೊತ್ತು ತಂದಿದ್ದ ಸಿಟ್ಟೆಲ್ಲ ಅವನಿಗೆ ಅಲ್ಲೇ ಇಳಿಯಿತು. “ನಾ ಒಬ್ನ ಸಿಕ್ಕಿಲ್ಲ ಬಿಡ್ರಿ ಸರ, ನೀವೂ ಸಿಕ್ರಿ,” ಎಂದು ನನ್ನ ಭುಜ ಮುಟ್ಟಿದ. ಬಿರಾದಾರರೂ ನಗುತ್ತ, ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು, “ಹತ್ತನೇತ್ತ ನಿಮಗಽ ಇರ್ಲಿ ಸರ. ಇಂಥಾ ಹುಡುಗ್ರನ್ನ ಬ್ಯಾರೆಯವರು ಸಂಭಾಳಸೂದು ಆಗೂದಿಲ್ಲ,” ಎಂದರು.

ಗೆದ್ದೆ. ಗೆದ್ದವನ ಮುಖ ಹೀಗೆ ಬಾಡಿರಬಾರದಿತ್ತು, ಅಷ್ಟೇ. ಸಂಜೆ ಮನೆಗೆ ಹೋಗುವಾಗ ಸಿಂದಗಿಯ ಬಸ್ಸಿನಲ್ಲಿ ಕುಳಿತು, ಆ ಹುಡುಗಿ ಹೇಳಿದ ಮೂಲ ಕಾರಣ ಹೇಗೆ ತಪ್ಪು ಎಂಬುದಕ್ಕೆ ದಾರಿಯುದ್ದಕ್ಕೂ ವಾದ ಹುಡುಕಿದೆ. ಊರು ಬಂತು, ವಾದ ಬರಲಿಲ್ಲ. ಹಾಗೆಂದು ಸೋಲೊಪ್ಪುವ ಆಸಾಮಿ ನಾನಲ್ಲ. ಮರುದಿನ ತರಗತಿಗೆ ಎದೆ ಸೆಟೆಸಿ ಹೋಗಿ, ಮತ್ತೆ ಅದೇ ಹೋಂವರ್ಕ್ ಕೊಟ್ಟೆ. ಒಂದೇ ಒಂದು ಷರತ್ತು ಹಾಕಿದೆ: ರಾಜರ ಜಗಳ ತಂದರೂ ಸರಿ, ಓಣಿಯ ಜಗಳ ತಂದರೂ ಸರಿ, ಮಾಸ್ತರರ ಜಗಳ ಮಾತ್ರ ಬೇಡ.

“ಯಾಕ್ರಿ ಸರ?” ಎಂದಿತು ಇಡೀ ತರಗತಿ.

“ಯಾಕ ಅಂತ ಕೇಳಬ್ಯಾಡ್ರಿ,” ಎಂದೆ. “ಹೇಳಿದಷ್ಟು ಬಾಯಿಪಾಠ ಮಾಡ್ರಿ.”