ನಳಿನಿಯ ಮನೆಗೆ ನುಗ್ಗಿದ ಇನ್ಸ್‌ಪೆಕ್ಟರ್

ನಮ್ಮ ರಸ್ತೆಯಲ್ಲಿ ಯಾರಿಗಾದರೂ ಹೊಟ್ಟೆನೋವು ಬಂದರೆ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಬೇಜಾರು ಬಂದರೆ ನನ್ನ ಹತ್ತಿರ ಬರುತ್ತಿದ್ದರು. ಇದು ಜಂಬದ ಮಾತಲ್ಲ. ಜಂಬದ ಮಾತೇ ಇರಲಿ, ಸುಳ್ಳಂತೂ ಅಲ್ಲ!

"ಸುಶೀಲಮ್ಮ, ಏನಾದ್ರೂ ಓದೋಕೆ ಕೊಡಿ" ಅಂತ ಬಂದವರ ಮುಖ ಒಂದು ಸಲ ನೋಡಿದರೆ ಸಾಕು, ಯಾವ ಪುಸ್ತಕ ಕೊಡಬೇಕು ಅಂತ ನನಗೆ ಗೊತ್ತಾಗಿಬಿಡುತ್ತಿತ್ತು. ಬಾಣಂತನಕ್ಕೆ ತವರಿಗೆ ಹೊರಟವಳಿಗೆ ಒಂದು, ಅತ್ತೆ ಮೇಲೆ ಸಿಟ್ಟು ಬಂದವಳಿಗೆ ಒಂದು, ಆ ಅತ್ತೆಗೇ ಬೇಕಾದರೆ ಬೇರೆ ಒಂದು. ಕೊಟ್ಟ ಪುಸ್ತಕ ಹಿಡಿಸಲಿಲ್ಲ ಅಂತ ಯಾರೂ ವಾಪಸ್ ತಂದದ್ದಿಲ್ಲ. ಕೆಲವರು ವಾಪಸ್ಸೇ ತಂದಿಲ್ಲ, ಆ ಮಾತು ಬೇರೆ.

ಆಗಿನ್ನೂ ಎಪ್ಪತ್ತರ ದಶಕ ಮುಗಿಯುತ್ತಿತ್ತು. ಜಯನಗರದ ನಮ್ಮ ರಸ್ತೆಗೆ ಟೀವಿ ಬಂದಿರಲಿಲ್ಲ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮಹಿಳಾ ಸಮಾಜದ ಹಾಲಿನಲ್ಲಿ ನಮ್ಮ ಓದುಗರ ಕೂಟ ಸೇರುತ್ತಿತ್ತು. ಒಟ್ಟು ಹನ್ನೆರಡು ಜನ. ಒಬ್ಬರು ಒಂದು ಪುಸ್ತಕ ಸೂಚಿಸಬೇಕು, ಅದು ಮನೆಯಿಂದ ಮನೆಗೆ ಸುತ್ತಬೇಕು, ಎಲ್ಲರದೂ ಓದಿ ಆದ ಮೇಲೆ ಚರ್ಚೆ ನಡೆಯಬೇಕು. ಅಧ್ಯಕ್ಷರು ಅಂಬುಜಮ್ಮ ಮೇಡಂ, ರಿಟೈರ್ಡ್ ಹೆಡ್ಮಿಸ್ಟ್ರೆಸ್. ಅವರು "ಕಾಫಿ ತಗೊಳ್ಳಿ" ಅಂದರೂ ನಾವು ಎದ್ದು ನಿಲ್ಲುತ್ತಿದ್ದೆವು.

ಕೂಟದಲ್ಲಿ ಮುಕ್ಕಾಲು ಪಾಲು ಬಿ.ಎ. ಓದಿದವರು. ನಾನು ಎಸ್ಸೆಸ್ಸೆಲ್ಸಿ. ಅದೂ ಎರಡನೇ ಸಲಕ್ಕೆ! ಲೆಕ್ಕ ಕೈ ಕೊಟ್ಟಿತ್ತು. ಇದನ್ನು ಯಾರೂ ಎತ್ತಿ ಆಡಿದವರಲ್ಲ. ಆದರೂ ಅವರೆಲ್ಲ "ನಮ್ಮ ಕಾಲೇಜಿನಲ್ಲಿ..." ಅಂತ ಶುರು ಮಾಡಿದ ಕೂಡಲೇ ನಾನು ಕಾಫಿ ಬಿಸಿ ಇದೆಯೋ ನೋಡೋಕೆ ಅಂತ ಎದ್ದು ಹೋಗುತ್ತಿದ್ದೆ.

ಹೀಗಿರುವಾಗ ಸಮಾಜಕ್ಕೆ ಗಾಜಿನ ಬಾಗಿಲಿನ ಒಂದು ಅಲ್ಮೇರಾ ಬಂತು. ಅದನ್ನು ತುಂಬಲು ಒಬ್ಬ ಪುಸ್ತಕ ಕಾರ್ಯದರ್ಶಿ ಬೇಕಾದಳು. ಯಾವ ಪುಸ್ತಕ ಕೊಳ್ಳಬೇಕು ಅಂತ ಆರಿಸುವುದು ಅವಳೇ. ಅಲ್ಮೇರಾದ ಕೀ ಇರುವುದೂ ಅವಳ ಸೆರಗಿನ ಗಂಟಿನಲ್ಲೇ. ಅಂಬುಜಮ್ಮ ಮೇಡಂ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಈ ಸಲ ಸುಶೀಲ ಒಂದು ಪುಸ್ತಕ ಸೂಚಿಸಲಿ. ಚರ್ಚೆ ಆದ ದಿನವೇ ಕಾರ್ಯದರ್ಶಿನ ಆರಿಸೋಣ. ನೋಡೋಣ" ಅಂದರು.

ಆ "ನೋಡೋಣ" ನನಗೆ ಸರಿಯಾಗಿ ನಾಟಿತು. ನನಗೆ ಆ ಕೀ ಬೇಕಿತ್ತು. ಮುಚ್ಚುಮರೆ ಏಕೆ, ಒಡವೆಗೂ ನಾನು ಅಷ್ಟು ಆಸೆಪಟ್ಟವಳಲ್ಲ.

ಈಗ ನನ್ನ ಕೈಕೆಲಸದ ವಿಚಾರ ಹೇಳಬೇಕು. ಆ ಕಾಲದಲ್ಲಿ ವಾರಪತ್ರಿಕೆಯಲ್ಲಿ ಬರುವ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಹರಿದು ಜೋಪಾನ ಮಾಡಿ, ಕಥೆ ಮುಗಿದ ಮೇಲೆ ಬೈಂಡ್ ಮಾಡಿಸಿ ಪುಸ್ತಕ ಮಾಡಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ಇತ್ತು. ನಮ್ಮ ಮನೆಯಲ್ಲಿ ಅದೊಂದು ವ್ರತ. ಆ ವರ್ಷ ಒಂದೇ ಪತ್ರಿಕೆಯಲ್ಲಿ ಎರಡು ಧಾರಾವಾಹಿ ಒಟ್ಟಿಗೇ ಮುಗಿದಿದ್ದವು. ಒಂದು, ನಳಿನಿ ಎಂಬ ಸೊಸೆಯ ಕಥೆ. ಕಣ್ಣೀರು, ಸಹನೆ, ಸೀಮಂತ ಎಲ್ಲಾ ಇತ್ತು. ಇನ್ನೊಂದು ಇನ್ಸ್‌ಪೆಕ್ಟರ್ ದಿವಾಕರನ ಪತ್ತೇದಾರಿ. ನಳಿನಿಯನ್ನು ಕೂಟಕ್ಕೆ ಸೂಚಿಸುವುದು, ದಿವಾಕರನನ್ನು ಮನೆಯಲ್ಲೇ ಬಚ್ಚಿಡುವುದು ಅಂತ ತೀರ್ಮಾನಿಸಿದೆ. ಏಕೆಂದರೆ ಅಂಬುಜಮ್ಮ ಮೇಡಂ ಲೆಕ್ಕದಲ್ಲಿ ಪತ್ತೇದಾರಿ ಓದುವುದೂ ಬೀದಿಯಲ್ಲಿ ನಿಂತು ಬೋಂಡಾ ತಿನ್ನುವುದೂ ಒಂದೇ. ಎರಡೂ ನನಗೆ ಪ್ರಾಣ!

ನಿಜವಾದ ಪುಸ್ತಕದ ಹಾಗೆ ಕಾಣಲಿ ಅಂತ ಪ್ರತಿ ವಾರದ ತಲೆಬರಹ, ಕಂತಿನ ಸಂಖ್ಯೆ, ಪುಟದ ಸಂಖ್ಯೆ, ಪಕ್ಕದ ತಲೆಎಣ್ಣೆ ಜಾಹೀರಾತು ಎಲ್ಲವನ್ನೂ ಕತ್ತರಿಯಿಂದ ನೀಟಾಗಿ ಕತ್ತರಿಸಿದೆ. ಎಂಥ ಅಂದ! ಯಾವ ಹಾಳೆ ಯಾವ ಕಥೆಯದು ಅಂತ ಹೇಳಲು ಈಗ ಭೂಮಿಯ ಮೇಲೆ ನನ್ನ ಜ್ಞಾಪಕಶಕ್ತಿ ಒಂದೇ ಉಳಿದಿತ್ತು. ಅದರ ಮೇಲೆ ನನಗೆ ಅಪಾರ ನಂಬಿಕೆ.

ಎರಡೂ ಕಥೆಗಳನ್ನು ಮನೆಯ ಹಾಲಿನ ನೆಲದ ಮೇಲೆ ಸಾಲಾಗಿ ಹರಡಿಕೊಂಡು ಕೂತಿದ್ದೆ. ಅಷ್ಟರಲ್ಲಿ ವಿಲ್ಸನ್ ಗಾರ್ಡನ್‌ನಿಂದ ಮೈದುನನ ಸಂಸಾರ ಹೇಳದೆ ಕೇಳದೆ ಊಟದ ಹೊತ್ತಿಗೆ ಬಂತು. ನಾನು ಅಡಿಗೆಮನೆಗೆ ಓಡಿದೆ. ಎಲೆ ಹಾಕಲು ಜಾಗ ಬೇಕಲ್ಲ, ಅತ್ತೆ ಎಲ್ಲವನ್ನೂ ಬಾಚಿ ಒಂದೇ ಕಟ್ಟು ಮಾಡಿಟ್ಟರು. "ಒಂದು ಹಾಳೇನೂ ಮುದುರಿಲ್ಲ ನೋಡೇ" ಅಂತ ಹೆಮ್ಮೆಯಿಂದ ತೋರಿಸಿದರು.

ತಿಲಕ್ ನಗರದ ಬೈಂಡರ್ ಬೇರೆ, "ಅಕ್ಕ, ಇವತ್ತು ಕೊಟ್ರೆ ಬುಧವಾರ. ಇಲ್ಲಾಂದ್ರೆ ಹಬ್ಬ ಆದ್ಮೇಲೇನೇ" ಅಂದಿದ್ದ. ನಾನು ಗಡಿಬಿಡಿಯಲ್ಲಿ ಆ ಕಟ್ಟನ್ನು ಎರಡು ಮಾಡಿದೆ. ನಳಿನಿಯ ಮೊದಲ ಅಧ್ಯಾಯ ಹುಡುಕಿ ಮೇಲಿಟ್ಟೆ, ಕೊನೆಯದನ್ನು ಕೆಳಗಿಟ್ಟೆ. ದಿವಾಕರನಿಗೂ ಹಾಗೇ ಮಾಡಿದೆ. ಮೊದಲೂ ಸರಿ, ಕೊನೆಯೂ ಸರಿ. ಅಂದಮೇಲೆ ನಡುವಿನದು ಸರಿ ಇರಲೇಬೇಕಲ್ಲ!

ಲೆಕ್ಕದ ಪರೀಕ್ಷೆಗೆ ಎರಡು ಸಲ ಏಕೆ ಕೂತೆ ಅಂತ ಈಗ ನಿಮಗೆ ಅರ್ಥವಾಗಿರಬೇಕು.

ಬುಧವಾರ ಎರಡೂ ಪುಸ್ತಕ ಬಂದವು. ನಳಿನಿಯದಕ್ಕೆ ಕೆಂಪು ಕ್ಯಾಲಿಕೋ ಬಟ್ಟೆಯ ರಟ್ಟು, ಬೆನ್ನಿನ ಮೇಲೆ ಬಂಗಾರದ ಅಕ್ಷರದಲ್ಲಿ 'ಸಂಗ್ರಹ: ಶ್ರೀಮತಿ ಸುಶೀಲ'. ಒಳಗೆ ತೆಗೆದು ನೋಡಲಿಲ್ಲ. ಹೊರಗಡೆ ನೋಡಿಯೇ ಕಣ್ಣು ತುಂಬಿಹೋಗಿತ್ತು!

ಶನಿವಾರ ಕೂಟದಲ್ಲಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಭಾಷಣ ಮಾಡಿದೆ. "ಇದು ಒಂದೇ ಸಲಕ್ಕೆ ದಕ್ಕುವ ಕೃತಿಯಲ್ಲ. ಸಾಮಾನ್ಯ ಓದುಗರಿಗೆ ಇದು ಕಷ್ಟ. ಇದನ್ನು ಓದಲು ಒಂದು ಸಂಸ್ಕಾರ ಬೇಕು." ಈ ವಾಕ್ಯಗಳನ್ನು ಯಾವುದೋ ಪುಸ್ತಕ ಬಿಡುಗಡೆಯಲ್ಲಿ ಕೇಳಿ ಇಟ್ಟುಕೊಂಡಿದ್ದೆ. ನಳಿನಿಯ ಕಥೆ ಓದಲು ಒಂದು ಕರ್ಚೀಫು ಬಿಟ್ಟು ಇನ್ನೇನೂ ಬೇಕಿರಲಿಲ್ಲ. ಆದರೆ ಕೀ ಬೇಕಿತ್ತಲ್ಲ! "ಪತ್ರಿಕೇಲಿ ಯಾರಾದರೂ ಓದಿದ್ದೀರಾ?" ಅಂತ ಮೇಡಂ ಕೇಳಿದರು. ವಾರಪತ್ರಿಕೆ ಓದುವುದು ನಮ್ಮ ಕೂಟದ ಘನತೆಗೆ ಕಮ್ಮಿ. ಓದಿದವರೂ ತಲೆ ಅಲ್ಲಾಡಿಸಿ ಇಲ್ಲ ಅಂದರು.

ಪುಸ್ತಕ ಮನೆಮನೆ ಸುತ್ತಿತು. ಸುತ್ತಿದ ಕಡೆಯೆಲ್ಲ ಹೊಗಳಿಕೆ. ಬಿ.ಎ. ಫಸ್ಟ್ ಕ್ಲಾಸಿನ ವೀಣಾ ತರಕಾರಿ ಗಾಡಿ ಮುಂದೆ ನನ್ನ ಕೈ ಹಿಡಿದುಕೊಂಡು, "ತುಂಬಾ ಧೈರ್ಯದ ಪ್ರಯೋಗ ರೀ! ಅಪ್ಪಟ ನವ್ಯ! ಅದರಲ್ಲೂ ಆ ಇನ್ಸ್‌ಪೆಕ್ಟರ್..." ಅಂದಳು.

ನಾನು ಪತ್ತೇದಾರಿ ಓದುವುದು ಇವಳಿಗೆ ಹೇಗೆ ಗೊತ್ತಾಯಿತು! "ಹುರುಳೀಕಾಯಿ ಎಳೇದಿದೆ ಅಲ್ವಾ?" ಅಂತ ಮಾತು ತಿರುಗಿಸಿ ಅರ್ಧ ಸೇರು ಹೆಚ್ಚಿಗೆ ಕೊಂಡು ಓಡಿಬಂದೆ.

ಎದುರು ಮನೆಯ ಗಿರಿಜ ಮಾತ್ರ ಹೆಚ್ಚೇನೂ ಹೇಳಲಿಲ್ಲ. ತಲಘಟ್ಟಪುರದ ಕಡೆಯ ಹುಡುಗಿ, ಏಳನೇ ಕ್ಲಾಸು ಓದಿದವಳು, ಗಂಡ ಬಸ್ ಕಂಡಕ್ಟರ್. ತುಟಿ ಅಲ್ಲಾಡಿಸಿಕೊಂಡೇ ಓದುತ್ತಿದ್ದಳು. "ಅಕ್ಕ, ನಾನೂ ಕೂಟಕ್ಕೆ ಬರಬಹುದಾ?" ಅಂತ ಹೆದರಿ ಹೆದರಿ ಕೇಳಿದಾಗ ಕೈ ಹಿಡಿದು ಕರೆದುಕೊಂಡು ಹೋದವಳು ನಾನು. ಮೊದಲ ಕಾದಂಬರಿ ಕೊಟ್ಟವಳೂ ನಾನೇ. ಅವಳು ಪುಸ್ತಕ ಮೂರು ದಿನ ಹೆಚ್ಚಿಗೆ ಇಟ್ಟುಕೊಂಡು, "ಚೆನ್ನಾಗಿದೆ ಅಕ್ಕ" ಅಂತ ನೆಲ ನೋಡುತ್ತಾ ಹಿಂದಕ್ಕೆ ಕೊಟ್ಟಳು. ನಾನು ಅದನ್ನು ಹಾಗೇ ಮೇಡಂ ಮನೆಗೆ ಮುಟ್ಟಿಸಿದೆ.

ಚರ್ಚೆಯ ಶನಿವಾರ ಬಂತು. ಬೆಳಿಗ್ಗೆ ನಮ್ಮೆಜಮಾನ್ರು ಈಜಿಚೇರಿನಲ್ಲಿ ಕಾಲು ಚಾಚಿಕೊಂಡು ದಿವಾಕರನನ್ನು ಓದುತ್ತಿದ್ದರು.

"ಲೇ ಸುಶೀ, ಈ ದಿವಾಕರ ಕಳ್ಳಸಾಗಣೆಯವರ ದೋಣಿ ಹತ್ತಿದ್ನಲ್ಲ?"

"ಹೂಂ, ಹತ್ತಿದ."

"ಹತ್ತಿದೋನು ಪಿಸ್ತೂಲು ತೆಗೀದೆ ನಾದಿನಿ ಸೀಮಂತಕ್ಕೆ ತಂಬಿಟ್ಟು ಯಾಕೆ ಕಟ್ತಾ ಕೂತಿದಾನೆ?"

ಕೈಲಿದ್ದ ಸೌಟು ಬಿತ್ತು. ಪುಸ್ತಕ ಕಿತ್ತುಕೊಂಡು ನೋಡಿದೆ. ದೋಣಿಯಲ್ಲಿ ತಂಬಿಟ್ಟು! ಕಳ್ಳರ ಗುಹೆಯಲ್ಲಿ ಗೌರಿಪೂಜೆ! ಹಾಗಾದರೆ ಅಲ್ಲಿ, ಆ ಕೆಂಪು ರಟ್ಟಿನೊಳಗೆ, ನಳಿನಿಯ ಗತಿ ಏನು?

"ಅಯ್ಯೋ, ನನ್ನ ಮಾನ ಹೋಯ್ತು ಕಣ್ರೀ!"

"ಹೊಟ್ಟೆನೋವು ಅಂತ ಹೇಳಿ ಕಳ್ಸು, ಹೋಗ್ಬೇಡ" ಅಂತ ಅವರು ಬುದ್ಧಿ ಹೇಳಿದರು. ಹಾಗೆ ಹೇಳುವಾಗಲೂ ನಗುತ್ತಿದ್ದರು. ಆ ನಗು ನೋಡಿ ನನಗೆ ರೇಗಿಹೋಯಿತು. ಹನ್ನೊಂದು ಜನ ಓದಿ ಹನ್ನೊಂದು ಜನವೂ ಹೊಗಳಿದ್ದಾರೆ. ಅವರು ಬಾಯಿ ಬಿಡುವವರೆಗೂ ನಾನೇಕೆ ಬಿಡಲಿ! ಇಸ್ತ್ರಿ ಸೀರೆ ಉಟ್ಟುಕೊಂಡು ಹೊರಟೆ.

ಅಂಬುಜಮ್ಮ ಮೇಡಂ ಮೂರು ಹಾಳೆ ಟಿಪ್ಪಣಿ ಬರೆದುಕೊಂಡು ಬಂದಿದ್ದರು. ಗಂಟಲು ಸರಿಮಾಡಿಕೊಂಡು ಓದಿದರು: "ನಳಿನಿ ಸಾರಿನ ಪಾತ್ರೆಯ ಮುಚ್ಚಳ ತೆಗೆದಳು. ಅಧ್ಯಾಯ ಮುಕ್ತಾಯ. ಮುಂದಿನ ಅಧ್ಯಾಯದ ಮೊದಲ ಸಾಲು: ಒಳಗೆ ಒಂದು ರಿವಾಲ್ವರ್ ಇತ್ತು." ಕನ್ನಡಕ ತೆಗೆದು ಎಲ್ಲರನ್ನೂ ನೋಡಿದರು. "ಎಷ್ಟು ಹೆಂಗಸರ ಸಾರಿನ ಪಾತ್ರೆಯೊಳಗೆ ರಿವಾಲ್ವರ್ ಇಲ್ಲ?"

ಮುಂದಿನ ಸಾಲಿನವರು ತಲೆದೂಗಿದರು. ನಾನೂ ತಲೆದೂಗಿದೆ.

"ಇನ್ಸ್‌ಪೆಕ್ಟರ್ ಅನ್ನೋದು ನಳಿನಿಯ ಮನಸ್ಸಾಕ್ಷಿ" ಅಂದರು ಮೇಡಂ. "ಕ್ಷಮಿಸಿ ಮೇಡಂ, ಅದು ಸಮಾಜದ ಸಂಕೇತ" ಅಂದಳು ವೀಣಾ. ಮನಸ್ಸಾಕ್ಷಿ, ಸಮಾಜ, ಮನಸ್ಸಾಕ್ಷಿ, ಸಮಾಜ ಅಂತ ಅರ್ಧ ಗಂಟೆ ವಾದ ನಡೆಯಿತು. ಇಬ್ಬರೂ ನನ್ನ ಕಡೆ ತಿರುಗಿ, "ಸುಶೀಲ, ನೀವೇ ಹೇಳಿ, ಯಾವುದು ಸರಿ?" ಅಂದರು.

ನಾನು ಸ್ವಲ್ಪ ಹೊತ್ತು ಫ್ಯಾನು ನೋಡಿದೆ. ಆಮೇಲೆ ಗಂಭೀರವಾಗಿ, "ಎರಡೂ ಸರಿ" ಅಂದೆ.

ಚಪ್ಪಾಳೆಯೋ ಚಪ್ಪಾಳೆ! ಎಲ್ಲರೂ ಕೈ ಎತ್ತಿದರು. ನಾನು ಅವಿರೋಧವಾಗಿ ಪುಸ್ತಕ ಕಾರ್ಯದರ್ಶಿಯಾದೆ. ಮೇಡಂ ಕೆಂಪು ಟೇಪು ಕಟ್ಟಿದ ಕೀ ನನ್ನ ಅಂಗೈಯಲ್ಲಿಟ್ಟು, "ಡಿಗ್ರಿಗೂ ಓದಿಗೂ ಸಂಬಂಧ ಇಲ್ಲ ಅಂತ ನೀನು ತೋರಿಸಿಬಿಟ್ಟೆ" ಅಂದರು. ಈ ಮಾತಿಗಾಗಿ ನಾನು ಎಷ್ಟು ವರ್ಷದಿಂದ ಕಾಯುತ್ತಿದ್ದೆನೋ! ಕಣ್ಣಲ್ಲಿ ನೀರು ಬಂತು. ಕೀ ಗಟ್ಟಿಯಾಗಿ ಹಿಡಿದುಕೊಂಡೆ.

ಆಗ ಹಿಂದಿನ ಸಾಲಿನಿಂದ ಗಿರಿಜ ಎದ್ದು ನಿಂತಳು.

"ಮೇಡಂ, ನಾನು ಮುಂದಿನ ವಾರದಿಂದ ಬರಲ್ಲ."

"ಯಾಕಮ್ಮ?"

"ಮೂರು ಸಲ ಓದ್ದೆ ಮೇಡಂ. ಸಾರಿನ ಪಾತ್ರೇಲಿ ರಿವಾಲ್ವರ್ ಯಾಕ್ ಬಂತು ಅಂತ ನಂಗೆ ತಿಳೀಲೇ ಇಲ್ಲ. ಅಳುನೂ ಬಂತು. ನಿಮಗೆಲ್ಲಾ ತಿಳೀತು. ಓದೋದು ನನ್ನಂಥೋಳಿಗಲ್ಲ ಅಂತ ಈಗ ಗೊತ್ತಾಯ್ತು." ನನ್ನ ಕಡೆ ತಿರುಗಿ, "ಕರ್ಕೊಂಡು ಬಂದ್ರಿ, ದೊಡ್ಡ ಉಪಕಾರ ಅಕ್ಕ" ಅಂತ ಕೈ ಮುಗಿದಳು.

ಮೇಡಂ, "ಓದ್ತಾ ಓದ್ತಾ ಬರುತ್ತಮ್ಮ" ಅಂದರು. ಗಿರಿಜ ಆಗಲೇ ಬಾಗಿಲ ಹತ್ತಿರ ಹೋಗಿ ಚಪ್ಪಲಿ ಹುಡುಕುತ್ತಿದ್ದಳು. ನನ್ನ ಕೈಯಲ್ಲಿ ಕೀ. ಸುಮ್ಮನಿದ್ದರೆ ಕೀ ನನ್ನದು, ಗಿರಿಜ ಇನ್ನು ಪುಸ್ತಕ ಮುಟ್ಟುವುದಿಲ್ಲ. ಆ ಅರ್ಧ ನಿಮಿಷ ನಾನು ಎಂಥ ಕೆಟ್ಟ ಹೆಂಗಸಾಗಿದ್ದೆ ಅಂತ ಹೇಳಲು ಈಗಲೂ ನಾಚಿಕೆಯಾಗುತ್ತದೆ. ಅವಳಿಗೆ ಒಂದು ಚಪ್ಪಲಿ ಸಿಕ್ಕಿತು. ಇನ್ನೊಂದೂ ಸಿಕ್ಕಿತು.

"ಗಿರಿಜಾ, ನಿಂತ್ಕೊಳ್ಳೇ!" ಅಂತ ಕಿರುಚಿದೆ. "ಈ ಹಾಲಲ್ಲಿ ಆ ಪುಸ್ತಕ ಅರ್ಥ ಆಗಿರೋದು ನಿನಗೊಬ್ಬಳಿಗೇ ಕಣೇ!"

ಎಲ್ಲಾ ಹೇಳಿಬಿಟ್ಟೆ. ಎರಡು ಕಥೆ, ಕತ್ತರಿ, ಮೈದುನನ ಊಟ, ದೋಣಿಯಲ್ಲಿ ತಂಬಿಟ್ಟು. ಪತ್ತೇದಾರಿ ಓದುವುದನ್ನೂ ಒಪ್ಪಿಕೊಂಡೆ. ಬೋಂಡಾ ಒಂದು ಬಿಟ್ಟೆ.

ವೀಣಾ ತನ್ನ ಬಳೆ ಎಣಿಸುತ್ತಿದ್ದಳು. ಮೂಲೆಯಲ್ಲಿದ್ದ ಪಾರ್ವತಮ್ಮ ಮೆಲ್ಲಗೆ, "ನಾನು ವಾರವಾರ ಪತ್ರಿಕೇಲಿ ಓದಿದ್ದೆ. ಎರಡು ಕಥೆ ಅಂತ ಗೊತ್ತಿತ್ತು. ಪತ್ರಿಕೆ ಓದ್ತೀನಿ ಅಂತ ಇಲ್ಲಿ ಹೇಗ್ರೀ ಹೇಳೋದು?" ಅಂದರು. ಮೊದಲು ನಕ್ಕವಳು ಗಿರಿಜ. ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು, ಆಮೇಲೆ ಸೆರಗು ಬಿಟ್ಟೇ ನಕ್ಕಳು. ಒಬ್ಬೊಬ್ಬರಾಗಿ ಹಾಲೆಲ್ಲಾ ನಗಲು ಶುರುವಾಯಿತು.

ಅಂಬುಜಮ್ಮ ಮೇಡಂ ನಗಲಿಲ್ಲ. ಟಿಪ್ಪಣಿಯ ಹಾಳೆಗಳನ್ನು ಮಡಚುತ್ತಾ, "ಎರಡು ದಿನ ಕೂತು ಬರೆದಿದ್ದೆ ಸುಶೀಲ" ಅಂದರು. ನಾನು ಕೀ ಮೇಜಿನ ಮೇಲಿಟ್ಟೆ. ಅವರು ಅದನ್ನು ಎತ್ತಿಕೊಂಡು ಬಾಗಿಲವರೆಗೂ ನಡೆದು ಗಿರಿಜಳ ಕೈಯಲ್ಲಿಟ್ಟರು. "ಓದಿದ್ದನ್ನ ಓದಿದ ಹಾಗೆ ಹೇಳೋಳು ಇಲ್ಲಿ ನೀನೊಬ್ಬಳೇ. ಅಲ್ಮೇರಾ ನೀನೇ ನೋಡ್ಕೋ."

ಹೊಟ್ಟೆಕಿಚ್ಚಾಗಲಿಲ್ಲವೇ ಅಂತ ಕೇಳಬೇಡಿ. ಆಯಿತು. ಎರಡು ವಾರ ಚೆನ್ನಾಗಿಯೇ ಆಯಿತು. ಆಮೇಲೆ ಒಂದು ದಿನ ಗಿರಿಜ ಅಲ್ಮೇರಾ ಮುಂದೆ ನಿಂತು ವೀಣಾಳ ಮುಖ ನೋಡಿ, "ಈಗ ನೀವು ಇದು ಓದಿ" ಅಂತ ಪುಸ್ತಕ ತೆಗೆದುಕೊಡುವುದನ್ನು ಕಂಡೆ. ನನ್ನ ಕೈಯಲ್ಲಿ ಪಳಗಿದ ಹುಡುಗಿ! ಬಿ.ಎ. ಫಸ್ಟ್ ಕ್ಲಾಸಿಗೆ ಪುಸ್ತಕ ಹೇಳುತ್ತಿದ್ದಾಳೆ! ನನಗೆ ಎದೆ ಉಬ್ಬಿಹೋಯಿತು. ಆ ರಸ್ತೆಯಲ್ಲಿ ನಾನು ಮಾಡಿದ ಸೂಚನೆಗಳಲ್ಲೆಲ್ಲಾ ಗಿರಿಜಳೇ ಉತ್ತಮ ಅಂತ ಈಗಲೂ ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಅವಳು ಆರು ವರ್ಷ ಕಾರ್ಯದರ್ಶಿಯಾಗಿದ್ದಳು. ಯಾರು ಯಾವ ಪುಸ್ತಕ ತಂದುಕೊಟ್ಟರೂ ಕಣ್ಣು ಮುಚ್ಚಿಕೊಂಡು ಅಲ್ಮೇರಾಕ್ಕೆ ಸೇರಿಸುತ್ತಿದ್ದಳು. ನಾನು ಕೊಟ್ಟದ್ದನ್ನು ಮಾತ್ರ ಮನೆಗೆ ಒಯ್ದು, ಮೊದಲಿನಿಂದ ಕೊನೆಯವರೆಗೆ ಓದಿ, ಒಂದೇ ಕಥೆ ಅಂತ ಖಾತ್ರಿಯಾದ ಮೇಲೇ ಸೇರಿಸುತ್ತಿದ್ದಳು!