ಆಕಾಶಕ್ಕೆ ಬೀಸಬೇಕಾಗಿದ್ದ ಕೈವಸ್ತ್ರ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ, ಬೆಳಗಿನ ತಿಂಡಿಯ ಹೊತ್ತಿನಲ್ಲಿ ಸಿಗ್ನೆ ಆಡಿದ ಒಂದೇ ಒಂದು ಮಾತು.

"ಬೆಳಕು ಕಾಣದಿದ್ರೇನಂತೆ, ಬಿಡಿ. ಮುಂದಿನ ಚಳಿಗಾಲ ಎಲ್ಲರನ್ನೂ ಪುಕ್ಕಟೆ ಕರ್ಕೊಂಡು ಬರ್ತಾರಲ್ಲ. ಆಗ್ಲೂ ಇದೇ ಮೇಜಲ್ಲಿ ಕೂತ್ಕೊಳ್ಳೋಣ, ಆಯ್ತಾ?" ಎಂದು ಹೇಳಿ ಅವಳು ವಾಫಲ್ ಮೇಲೆ ಕಂದು ಚೀಸ್ ಇಟ್ಟುಕೊಂಡಳು. ಎದುರಿಗೆ ಕೂತಿದ್ದ ಐಲರ್ಟನ ಕಾಫಿ ಅಂಗಿಯ ಮೇಲೆ ತುಳುಕಿತು.

ಐಲರ್ಟ್ ಉತ್ತರದ ಬೂಡೋ ಊರಿನ ಬಸ್ ಚಾಲಕ. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವನಿಗೆ ಅರವತ್ತು ತುಂಬಿದ ದಿನ ಡಿಪೋದವರೆಲ್ಲ ಸೇರಿ, ಧ್ರುವದ ಕಡೆಯ ಕತ್ತಲ ಆಕಾಶದಲ್ಲಿ ಬಣ್ಣಬಣ್ಣವಾಗಿ ಮೂಡುವ ಉತ್ತರದ ಬೆಳಕನ್ನು ನೋಡುವ ಹಡಗುಯಾನದ ಟಿಕೆಟ್ಟನ್ನು ಉಡುಗೊರೆ ಕೊಟ್ಟಿದ್ದರು. ಬೂಡೋದಲ್ಲಿ ಚಳಿಗಾಲವಿಡೀ ಆ ಬೆಳಕು ಬಸ್ಸಿನ ತಲೆಯ ಮೇಲೇ ಕುಣಿಯುತ್ತಿರುತ್ತದೆ. ಮೀನುಗಾರನಿಗೆ ಒಂದು ಬಕೆಟ್ ಉಪ್ಪುನೀರು ಕೊಟ್ಟ ಹಾಗಾಯಿತಲ್ಲ ಎಂದುಕೊಂಡೇ ಹಡಗು ಹತ್ತಿದ್ದ. ಹತ್ತಿದ ಮೇಲೆ ಊಟದ ಮೇಜಿನಲ್ಲಿ ಸಿಗ್ನೆ ಸಿಕ್ಕಳು. ದಕ್ಷಿಣದ ಸ್ಟವಾಂಗರ್‌ನವಳು, ನಿವೃತ್ತ ನರ್ಸು, ಅವಳಿಗೂ ಗಂಡನಿಲ್ಲ. ನಕ್ಕರೆ ಮೂಗು ಸುಕ್ಕಾಗುತ್ತಿತ್ತು. ಪ್ರಯಾಣ ಮುಗಿಯುತ್ತ ಬಂದರೂ ಐಲರ್ಟ್ ಅವಳ ಹತ್ತಿರ ಆಡಿದ್ದು ಎರಡೇ ಮಾತು: ಇವತ್ತು ಗಾಳಿ ಜೋರು, ಆಲೂಗೆಡ್ಡೆ ಇನ್ನಷ್ಟು ಹಾಕಿಕೊಳ್ಳಿ. ನಮ್ಮ ಕಡೆಯ ಗಂಡಸರೇ ಹಾಗೆ. ಮನಸ್ಸಿನ ಮಾತು ನಾಲಿಗೆಗೆ ಬರಬೇಕಾದರೆ ಇನ್ನೊಂದು ಪ್ರಯಾಣವಾದರೂ ಬೇಕು.

ಆ ಇನ್ನೊಂದು ಪ್ರಯಾಣ ಈಗ ಕೈಗೆಟುಕುವಷ್ಟು ಹತ್ತಿರವಿತ್ತು. ಬೆಳಕು ಒಂದು ಸಲವೂ ಕಾಣದೆ ಹೋದರೆ ಮುಂದಿನ ಚಳಿಗಾಲ ಎಲ್ಲರಿಗೂ ಪುಕ್ಕಟೆ ಪ್ರಯಾಣ ಎಂದು ಹಡಗಿನ ಕಂಪನಿ ಮಾತು ಕೊಟ್ಟಿತ್ತು. ಚಳಿಗಾಲದಲ್ಲಿ ಅಷ್ಟು ಉತ್ತರದಲ್ಲಿ ಸೂರ್ಯ ಹುಟ್ಟುವುದೇ ಇಲ್ಲ, ಮಧ್ಯಾಹ್ನವೂ ಕತ್ತಲೆಯೇ; ಆದರೆ ಹೊರಟ ದಿನದಿಂದಲೂ ಮೋಡ ಸರಿದಿರಲಿಲ್ಲ. ನಾಳೆ ಹಡಗು ದಕ್ಷಿಣಕ್ಕೆ ಇಳಿದುಬಿಡುತ್ತದೆ. ಇವತ್ತೊಂದು ದಿನ ಕಳೆದರೆ ಸಾಕು, ಐಲರ್ಟ್ ಗೆದ್ದ ಹಾಗೆಯೇ.

ಅಷ್ಟರಲ್ಲಿ ಅಡ್ಡಬಂದದ್ದು ಹಾಲ್ಡಿಸಜ್ಜಿ. ಅದೇ ಮೇಜಿನವಳು, ಉತ್ತರದ ತುತ್ತತುದಿಯ ಊರಿನವಳು, ಸದಾ ಕಾಲುಚೀಲ ಹೆಣೆಯುತ್ತ ಇಡೀ ಹಡಗಿನ ಉಸಾಬರಿ ನೋಡಿಕೊಳ್ಳುವವಳು.

"ಬಾಯಿ ಬಿಟ್ಕೊಂಡು ಆಕಾಶ ನೋಡ್ತಾ ಕೂತ್ರೆ ಅದು ಬರುತ್ತಾ?" ಮಧ್ಯಾಹ್ನದ ಊಟದಲ್ಲಿ ಮೀನಿನ ಸಾರು ಹೀರುತ್ತ ಅಜ್ಜಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ಬಿಳೀ ಬಟ್ಟೆ ಬೀಸಿ ಕರೀಬೇಕು. ಚಿಕ್ಕೋರಿದ್ದಾಗ ನಾವು ಬೀಸಿದ್ರೆ ನಮ್ಮಜ್ಜಿ ಕಿವಿ ಹಿಂಡೋಳು. ಬೆಳಕು ಕೆರಳಿ ಕೆಳಗೆ ಬಂದು ಎತ್ಕೊಂಡು ಹೋಗುತ್ತೆ ಅಂತ."

"ಯಾರನ್ನಾದ್ರೂ ಎತ್ಕೊಂಡು ಹೋಗಿತ್ತಾ ಅಜ್ಜಿ?" ಸಿಗ್ನೆ ಕೇಳಿದಳು.

"ಪಕ್ಕದ್ಮನೆಯೋನ ಟೋಪಿ ಹೋಯ್ತು. ನಾನೇ ಕಣ್ಣಾರೆ ನೋಡಿದೀನಿ. ಮೇಜಿನ ಮೇಲೆ ಇಷ್ಟೊಂದು ಬಿಳೀ ಕೈವಸ್ತ್ರ ಇದಾವಲ್ಲ, ಕೋಟು ಹಾಕ್ಕೊಂಡು ಬನ್ನಿ, ಒಂದೊಂದು ತಗೊಂಡು ಎಲ್ಲಾರೂ ಡೆಕ್ ಮೇಲೆ ಬೀಸೋಣ!"

ದಕ್ಷಿಣದವರೆಲ್ಲ ಚಪ್ಪಾಳೆ ತಟ್ಟಿ ನಕ್ಕರು. ಐಲರ್ಟ್ ನಗಲಿಲ್ಲ. ಅವನ ಅಜ್ಜಿಯೂ ಇದನ್ನೇ ಹೇಳಿ ಹೆದರಿಸಿದ್ದಳು. ಇಷ್ಟು ವರ್ಷ ಬಸ್ ಓಡಿಸಿದ್ದರೇನು, ಈ ವಿಷಯದಲ್ಲಿ ಅವನಿನ್ನೂ ಅಂಗಳದಲ್ಲಿ ನಿಂತ ಪುಟ್ಟ ಹುಡುಗ. ಇಷ್ಟು ಜನ ಒಟ್ಟಿಗೆ ಬೀಸಿದರೆ ಬೆಳಕು ಮೋಡ ಹರಿದುಕೊಂಡಾದರೂ ಬಂದೇ ಬರುತ್ತದೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

"ಅದೆಲ್ಲ ಮೂಢನಂಬಿಕೆ ಅಜ್ಜಿ," ಎಂದ.

"ಮೂಢನಂಬಿಕೆ ಆದ್ರೆ ನೀನ್ಯಾಕಪ್ಪಾ ಬೆವರ್ತಿದ್ದೀಯ?"

ಜನ ಕೋಟು ತರಲು ತಮ್ಮ ತಮ್ಮ ಕೋಣೆಗೆ ಹೋದರು. ಊಟದ ಹಾಲ್ ಖಾಲಿಯಾದದ್ದೇ ತಡ, ಐಲರ್ಟ್ ಎದ್ದು ಒಂದೊಂದೇ ಮೇಜಿನಿಂದ ಕೈವಸ್ತ್ರಗಳನ್ನು ಬಾಚಿ ಉಣ್ಣೆಯ ಸ್ವೆಟರಿನೊಳಗೆ ತುರುಕತೊಡಗಿದ. ಮೊದಲು ಹೊಟ್ಟೆ ಬಂತು, ಆಮೇಲೆ ಎದೆ ಬಂತು, ಕೊನೆಗೆ ಕತ್ತೇ ಕಾಣದಂತಾಯಿತು. ಆದರೂ ಬಿಡದೆ ಕಪ್ತಾನನ ಮೇಜಿನದನ್ನೂ ತುರುಕಿಕೊಂಡು, ಯಾರಿಗೂ ಕಾಣದಂತೆ ಜಾರಿಕೊಳ್ಳಬೇಕೆಂದು ಬಾಗಿಲಿಗೆ ಬಂದರೆ ಸಿಗ್ನೆ ನಿಂತಿದ್ದಳು.

"ಐಲರ್ಟ್ ಅವ್ರೇ! ಏನಾಯ್ತು? ಮುಖ ಕೆಂಪಗಾಗಿದೆ, ಮೈಯೆಲ್ಲ ಊದಿಕೊಂಡಿದೆ!"

"ಏನಿಲ್ಲ... ಸಾರು... ಸ್ವಲ್ಪ ಜಾಸ್ತಿ ಆಯ್ತು."

"ಕೈ ಕೊಡಿ ಇಲ್ಲಿ." ನರ್ಸ್ ಹೇಳಿದ ಮೇಲೆ ಮುಗಿಯಿತು. ಅವಳು ಅವನ ಮಣಿಕಟ್ಟು ಹಿಡಿದಳು.

ಹೆಂಡತಿ ಹೋದ ಮೇಲೆ ಆ ಕೈಯನ್ನು ಯಾವ ಹೆಂಗಸೂ ಹಿಡಿದಿರಲಿಲ್ಲ. ನಾಡಿ ಎದ್ದು ಕುಣಿಯತೊಡಗಿತು. ಸಿಗ್ನೆಯ ಕಣ್ಣು ಅಗಲವಾಯಿತು. ಅವನನ್ನು ತಳ್ಳಿಕೊಂಡು ಹೋಗಿ ಸೋಫಾದ ಮೇಲೆ ಮಲಗಿಸಿ, ಗಾಳಿಯಾಡಲೆಂದು ಸ್ವೆಟರ್ ಎತ್ತಿದಳು. ಬುಳಬುಳನೆ ಕೈವಸ್ತ್ರಗಳು ಉದುರಿದವು.

ಮಾನ ಹೋಯಿತು ಎಂದುಕೊಂಡು ಐಲರ್ಟ್ ಕಣ್ಣು ಮುಚ್ಚಿದ. ಆದರೆ ಸಿಗ್ನೆಯ ದನಿ ನಡುಗುತ್ತಿತ್ತು. "ಎದೆನೋವಿಗೆ ಬಟ್ಟೆ ಒತ್ತಿಟ್ಕೊಂಡು, ಯಾರಿಗೂ ಹೇಳ್ದೆ ಓಡಾಡ್ತಿದ್ರಾ? ಗಂಡಸರ ಹಟಕ್ಕೆ ಏನು ಹೇಳ್ಬೇಕು?"

ಕಳ್ಳನೆನಿಸಿಕೊಳ್ಳುವುದಕ್ಕಿಂತ ರೋಗಿಯಾಗುವುದೇ ಮೇಲೆನಿಸಿ ಅವನು ಸಣ್ಣಗೆ ನರಳಿದ.

ಅದೇ ಹೊತ್ತಿಗೆ ಧ್ವನಿವರ್ಧಕ ಕಿರುಚಿತು: "ಬೆಳಕು! ಎಡಗಡೆ ಆಕಾಶದಲ್ಲಿ! ಎಲ್ಲರೂ ಡೆಕ್ಕಿಗೆ ಬನ್ನಿ!" ಯಾರೂ ಏನನ್ನೂ ಬೀಸಿರಲಿಲ್ಲ. ಮೇಲೆ ದಡದಡ ಓಡುವ ಸದ್ದು, ಆಮೇಲೆ ಜನರ ಉದ್ಗಾರ. ಐಲರ್ಟನ ಇನ್ನೊಂದು ಪ್ರಯಾಣ ಅಲ್ಲಿಗೆ ನೀರುಪಾಲಾಯಿತು.

"ನೀವು ಹೋಗಿ ನೋಡಿ ಸಿಗ್ನೆ. ನೀವು ಇದಕ್ಕೇ ಅಲ್ವಾ ಬಂದಿದ್ದು? ನಂಗೇನೂ ಆಗಿಲ್ಲ," ಎಂದ. ಅವಳ ಕನಸನ್ನು ತಾನೇ ಕಿತ್ತುಕೊಂಡೆನಲ್ಲ ಎಂದು ಅವನಿಗೆ ನಿಜಕ್ಕೂ ಸಂಕಟವಾಗಿತ್ತು.

"ರೋಗೀನ ಬಿಟ್ಟು ಹೋಗೋ ಜಾತಿ ಅಲ್ಲ ನಾನು," ಎಂದು ಅವಳು ಕೈ ಇನ್ನೂ ಬಿಗಿಯಾಗಿ ಹಿಡಿದಳು. ಹೊರಗೆ ಆಕಾಶವೆಲ್ಲ ಹಸಿರಾಗಿದ್ದಾಗ ಒಳಗೆ ಇಬ್ಬರೂ ಮಾತಾಡಿದರು. ಅವನ ಬಸ್ಸು, ಅವಳ ಆಸ್ಪತ್ರೆ, ಸತ್ತುಹೋದವರು, ಮೀನಿನ ಸಾರಿಗೆ ಹಾಕುವ ಕೆನೆ, ಹೀಗೆ ಏನೇನೋ. ಅಷ್ಟು ದಿನ ಬಾರದ ಮಾತು ಅಂಗಾತ ಮಲಗಿದ ಮೇಲೆ ತಾನಾಗಿ ಬಂತು. ಐಲರ್ಟನಿಗೆ ಅಷ್ಟು ಸುಖದ ಮಧ್ಯಾಹ್ನ ಬೇರೊಂದು ನೆನಪಿರಲಿಲ್ಲ.

ಸುದ್ದಿ ತಿಳಿದು ಕಪ್ತಾನ ಓಡಿಬಂದ. ಹಿಂದೆಯೇ ಹಾಲ್ಡಿಸಜ್ಜಿಯೂ ಬಂದಳು. ಹಡಗು ಹತ್ತಿರದ ಬಂದರಿಗೆ ತಿರುಗಿದೆ, ಆಂಬುಲೆನ್ಸ್ ಕಾಯುತ್ತಿದೆ ಎಂದು ಹೇಳಿ ಕಪ್ತಾನ ಟೋಪಿ ತೆಗೆದ. "ಇಡೀ ಹಡಗಲ್ಲಿ ಬೆಳಕು ನೋಡದೇ ಇದ್ದೋರು ನೀವಿಬ್ಬರೇ. ಕೊಟ್ಟ ಮಾತು ಮಾತೇ. ಮುಂದಿನ ಚಳಿಗಾಲ ನಿಮ್ಮಿಬ್ಬರಿಗೂ ಪ್ರಯಾಣ ಪುಕ್ಕಟೆ, ಇದೇ ಮೇಜು, ಇದೇ ಕುರ್ಚಿ."

ಐಲರ್ಟನಿಗೆ ಎದ್ದು ಕುಣಿಯಬೇಕೆನಿಸಿತು. ಕುಣಿಯಲು ಆಗದ್ದಕ್ಕೆ ಅವನ ಪರವಾಗಿ ನಾಡಿಯೇ ಕುಣಿಯಿತು.

"ಅಯ್ಯಯ್ಯೋ, ಮತ್ತೆ ಏರ್ತಿದೆ!" ಸಿಗ್ನೆ ಕೂಗಿದಳು. "ಈ ಎದೆ ಇಟ್ಕೊಂಡು ಇವ್ರು ಮತ್ತೆ ಹಡಗು ಹತ್ತೋದಾ? ಸಾಧ್ಯಾನೇ ಇಲ್ಲ. ನಾನು ಬಿಡಲ್ಲ."

"ಸಿಗ್ನೆ, ನನ್ನೆದೆ ಗಟ್ಟಿಯಾಗಿದೆ! ನೀವು ಕೈ ಹಿಡ್ಕೊಂಡ್ರಲ್ಲ, ಅದಕ್ಕೇ ಹಾಗೆ ಬಡ್ಕೊಂಡಿದ್ದು. ಆಣೆ ಮಾಡಿ ಹೇಳ್ತೀನಿ!"

ಅರವತ್ತು ವರ್ಷದಲ್ಲಿ ಐಲರ್ಟ್ ಒಬ್ಬ ಹೆಂಗಸಿಗೆ ಹೇಳಿದ ಅತಿ ದಿಟ್ಟ ಮಾತು ಅದು. ಸಿಗ್ನೆಯ ಕಣ್ಣಲ್ಲಿ ನೀರು ತುಂಬಿತು.

"ನಮ್ಮೆಜಮಾನ್ರೂ ಹೀಗೇ. ಏನೂ ಇಲ್ಲ, ಏನೂ ಇಲ್ಲ ಅಂತ ತಮಾಷೆ ಮಾಡ್ತಾ ಮಾಡ್ತಾನೇ ಹೋಗ್ಬಿಟ್ರು. ಇನ್ನೊಬ್ಬರನ್ನ ಹಾಗೆ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ. ಇನ್ನು ಹಡಗು ಹತ್ತಲ್ಲ ಅಂತ ಮಾತು ಕೊಡಿ. ಕೊಡ್ಲೇಬೇಕು."

ಆ ಕಣ್ಣೀರಿನ ಮುಂದೆ ಇನ್ನೇನು ಹೇಳುತ್ತಾನೆ? ಐಲರ್ಟ್ ಮಾತು ಕೊಟ್ಟ.

"ಹಾಗಾದ್ರೆ ಅವನ ಟಿಕೇಟು ವ್ಯರ್ಥ ಯಾಕಾಗ್ಬೇಕು?" ಎಂದಳು ಹಾಲ್ಡಿಸಜ್ಜಿ, ಹೆಣಿಗೆ ಬಿಡದೆ. "ನಾನಿದ್ದೀನಲ್ಲಮ್ಮ ನಿನ್ನ ಜೊತೆಗೆ."

ಸ್ಟ್ರೆಚರ್ ಮೇಲೆ ಮಲಗಿಸಿ ಐಲರ್ಟನನ್ನು ಕೆಳಗಿಳಿಸಿದರು. ಪ್ರಯಾಣಿಕರೆಲ್ಲ ಕಟಾಂಜನಕ್ಕೆ ಬಂದು, ಅವನೇ ಕದ್ದ ಬಿಳಿ ಕೈವಸ್ತ್ರಗಳನ್ನು ಅವನಿಗೇ ಬೀಸಿ ಬೀಳ್ಕೊಟ್ಟರು. ಮಧ್ಯದಲ್ಲಿ ಸಿಗ್ನೆ, ಎಲ್ಲರಿಗಿಂತ ಜೋರಾಗಿ ಬೀಸುತ್ತಿದ್ದಳು. ತಲೆಯ ಮೇಲೆ ಬೆಳಕು ಹಸಿರಾಗಿ, ನೇರಳೆಯಾಗಿ ಕೆರಳಿ ಇಳಿಯಿತು. ಅವಳು ಒಂದು ಸಲವೂ ಮೇಲೆ ನೋಡಲಿಲ್ಲ, ಅವನನ್ನೇ ನೋಡುತ್ತಿದ್ದಳು.

ಆಂಬುಲೆನ್ಸಿನವನು ಬಾಗಿಲು ಹಾಕಿ ಐಲರ್ಟನ ಮಣಿಕಟ್ಟು ಹಿಡಿದ. ಹಿಡಿದು ಹುಬ್ಬು ಗಂಟಿಕ್ಕಿದ.

"ಇದೇನ್ರೀ, ನಾಡಿ ಗಡಿಯಾರದ ಹಾಗೆ ಸರಿಯಾಗಿದೆಯಲ್ಲ!"

"ಹೂಂ," ಎಂದ ಐಲರ್ಟ್. ಹೊರಗೆ ಹಡಗು ಉದ್ದಕ್ಕೆ ಸಿಳ್ಳು ಹಾಕಿ ಬಂದರು ಬಿಟ್ಟಿತು. "ಆಗ ಹಿಡಿದಿದ್ದೋರು ಬೇರೆ ಕಣಪ್ಪಾ."